ಸಿಮ್ಸ್ 4: ಸಿಮ್ ಕೆಡದಂತೆ ಸಿಸಿ ತೆಗೆಯುವುದು ಹೇಗೆ

ಸಿಸಿ, ಅಂದರೆ ಕಸ್ಟಮ್ ಕಂಟೆಂಟ್, ಸಿಮ್ಸ್ 4 ಎಂಬ ಕಂಪ್ಯೂಟರ್ ಆಟದ ಪಾತ್ರಗಳಾದ ಸಿಮ್‌ಗಳಿಗೆ ಬೇರೆಯವರು ತಯಾರಿಸಿದ ಕೂದಲು, ಬಟ್ಟೆಗಳಂಥವು. ಇವು ಪ್ಯಾಕೇಜ್ ಎಂಬ ಫೈಲುಗಳಾಗಿ ಮಾಡ್ಸ್ ಫೋಲ್ಡರಿನಲ್ಲಿರುತ್ತವೆ. ಅಲ್ಲಿಂದ ಒಂದು ಪ್ಯಾಕೇಜ್ ಫೈಲ್ ಡಿಲೀಟ್ ಮಾಡಿದರೆ ಆಟ ನಿಲ್ಲುವುದಿಲ್ಲ. ಎಂದಿನಂತೆ ಶುರುವಾಗುತ್ತದೆ, ಮನೆಯೂ ಲೋಡ್ ಆಗುತ್ತದೆ. ಎಡವಟ್ಟು ಕಾಣುವುದು ಸಿಮ್ ಮೈಮೇಲೆ. ತಲೆ ಬೋಳು, ಬರಿಗಾಲು, ಗಂಟೆಗಟ್ಟಲೆ ಕೂತು ಜೋಡಿಸಿದ ಉಡುಪಿನ ಜಾಗದಲ್ಲಿ ಆಟವೇ ಆರಿಸಿಕೊಟ್ಟ ಯಾವುದೋ ಅಂಗಿ. ಆ ಗಳಿಗೆಯಲ್ಲಿ ಸೇವ್ ಮಾಡದೆ ಹೊರಗೆ ಬಂದು ಫೈಲನ್ನು ಮತ್ತೆ ಇದ್ದಲ್ಲಿಗೇ ಇಟ್ಟರೆ ಎಲ್ಲವೂ ಮೊದಲಿನಂತೆ ಬರುತ್ತದೆ. ಸೇವ್ ಒತ್ತಿದರೆ ಮಾತ್ರ ಆ ಖಾತರಿ ಹೋಯಿತು.

ಹೀಗೇಕೆ ಆಗುತ್ತದೆ ಎಂದು ಒಮ್ಮೆ ತಿಳಿದರೆ ಮುಂದಿನ ಹೆಜ್ಜೆಗಳ ಕ್ರಮ ತಾನಾಗಿ ಅರ್ಥವಾಗುತ್ತದೆ. ಸೇವ್ ಫೈಲಿನಲ್ಲಿ ಕೂದಲಾಗಲಿ ಬಟ್ಟೆಯಾಗಲಿ ಇರುವುದಿಲ್ಲ. ಅಲ್ಲಿರುವುದು ಬರೀ ಒಂದು ಗುರುತಿನ ಸಂಖ್ಯೆ: ಈ ಸಿಮ್, ದಿನನಿತ್ಯದ ಮೊದಲ ಉಡುಪು, ಕೂದಲು ಇಂಥ ನಂಬರಿನದು ಎಂದು. ಆ ನಂಬರಿಗೆ ಸೇರಿದ ಮೆಶ್ (ವಸ್ತುವಿನ ಆಕಾರ) ಮತ್ತು ಟೆಕ್ಸ್‌ಚರ್ (ಅದರ ಮೇಲಿನ ಬಣ್ಣ, ಚಿತ್ರ) ಪ್ಯಾಕೇಜ್ ಫೈಲಿನಲ್ಲಿರುತ್ತವೆ. ಫೈಲ್ ಹೋದರೆ ನಂಬರು ಯಾವುದನ್ನೂ ತೋರಿಸುವುದಿಲ್ಲ, ಆಟ ಕೈಗೆ ಸಿಕ್ಕಿದ್ದನ್ನು ತೊಡಿಸುತ್ತದೆ. ಬಳಿಕ ಸೇವ್ ಮಾಡಿದಾಗ ಹಳೆಯ ನಂಬರಿನ ಮೇಲೆ ಹೊಸದು ಬರೆದುಬಿಡಬಹುದು. ಹಾಗಾಗಿ ಮೊದಲು ಮೈಮೇಲಿಂದ ತೆಗೆಯಬೇಕು, ಆಮೇಲೆ ಫೋಲ್ಡರಿನಿಂದ. ಹೆಚ್ಚಿನವರು ಮಾಡುವುದು ಇದರ ತಿರುಗುಮುರುಗು.

ಇಲ್ಲಿ ಹೇಳುವುದೆಲ್ಲ ವಿಂಡೋಸ್ ಮತ್ತು ಮ್ಯಾಕ್‌ಗೆ ಮಾತ್ರ. ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್‌ಗಳಲ್ಲಿ ಸಿಸಿ ಹಾಕಲು ಬರುವುದಿಲ್ಲವಾದ್ದರಿಂದ ತೆಗೆಯುವ ಪ್ರಶ್ನೆಯೂ ಇಲ್ಲ.

ಮೊದಲು ನಕಲು

ಆಟವನ್ನು ಪೂರ್ತಿ ಮುಚ್ಚಿ. ಮೇನ್ ಮೆನುವಿಗೆ ಬಂದು ನಿಂತರೆ ಸಾಲದು. ಡಾಕ್ಯುಮೆಂಟ್ಸ್ ಒಳಗೆ ಎಲೆಕ್ಟ್ರಾನಿಕ್ ಆರ್ಟ್ಸ್, ಅದರೊಳಗೆ ದಿ ಸಿಮ್ಸ್ 4 ಎಂಬ ಫೋಲ್ಡರಿದೆ. ಅದರಲ್ಲಿ ನಮಗೆ ಬೇಕಾದವು ಮೂರು: ಸೇವ್ಸ್, ಟ್ರೇ (ಲೈಬ್ರರಿಗೆ ಹಾಕಿಟ್ಟ ಕುಟುಂಬಗಳು ಇರುವುದು ಇಲ್ಲಿ), ಮಾಡ್ಸ್. ಮೂರನ್ನೂ ಬೇರೆ ಡ್ರೈವಿಗೋ ಪೆನ್‌ಡ್ರೈವಿಗೋ ಕಾಪಿ ಮಾಡಿ, ಫೋಲ್ಡರಿನ ಹೆಸರಿಗೆ ತಾರೀಖು ಸೇರಿಸಿ. ಮಾಡ್ಸ್ ಬಹಳ ದೊಡ್ಡದಾಗಿದ್ದರೆ ಅದನ್ನು ಸದ್ಯಕ್ಕೆ ಬಿಡಬಹುದು, ಏಕೆಂದರೆ ಅದರಿಂದ ನಾವು ಏನನ್ನೂ ಅಳಿಸುವುದಿಲ್ಲ, ಸರಿಸುತ್ತೇವೆ ಅಷ್ಟೆ. ಸೇವ್ಸ್ ಮತ್ತು ಟ್ರೇ ಮಾತ್ರ ಬಿಡುವಂತಿಲ್ಲ.

ಡಾಕ್ಯುಮೆಂಟ್ಸ್ ಫೋಲ್ಡರು ಒನ್‌ಡ್ರೈವ್ ಜೊತೆ ಸಿಂಕ್ ಆಗುವಂತಿದ್ದರೆ ಕೆಲಸ ಮುಗಿಯುವವರೆಗೆ ಸಿಂಕ್ ನಿಲ್ಲಿಸಿ. ನೀವು ಇಲ್ಲಿಂದ ತೆಗೆದ ಫೈಲನ್ನು ಅದು ಅಲ್ಲಿಂದ ತಂದು ಇಟ್ಟರೆ ಯಾವುದು ಹೋಯಿತು, ಯಾವುದು ಉಳಿಯಿತು ಎಂಬ ಲೆಕ್ಕವೇ ತಪ್ಪುತ್ತದೆ.

ಎಲ್ಲ ಸಿಸಿಯೂ ಒಂದೇ ಅಲ್ಲ

ಡಿಫಾಲ್ಟ್ ರಿಪ್ಲೇಸ್‌ಮೆಂಟ್ ಎಂದು ಹೆಸರಿರುವ ಕಣ್ಣು, ಚರ್ಮ, ಹುಬ್ಬುಗಳು ಆಟದ ಮೂಲ ವಸ್ತುವಿನ ನಂಬರನ್ನೇ ಇಟ್ಟುಕೊಂಡು ಅದರ ಮೇಲೆ ತಮ್ಮ ಚಿತ್ರವನ್ನು ಹೊದಿಸುತ್ತವೆ. ಇವನ್ನು ನಿಶ್ಚಿಂತೆಯಿಂದ ತೆಗೆಯಬಹುದು. ನಂಬರು ಆಟದ್ದೇ ಆದ್ದರಿಂದ ಹೊದಿಕೆ ಸರಿದರೆ ಮೂಲದ್ದು ಕಾಣುತ್ತದೆ. ಸಿಮ್ ಮೈಮೇಲೆ ಮಾಡುವ ಕೆಲಸ ಯಾವುದೂ ಇಲ್ಲ.

ನಾನ್-ಡಿಫಾಲ್ಟ್ ಎಂದರೆ ಸ್ವಂತ ನಂಬರು ಇರುವವು. ಕೂದಲು, ಬಟ್ಟೆ, ಬೂಟು, ಮೇಕಪ್, ಒಡವೆಗಳಲ್ಲಿ ಬಹುಪಾಲು ಇದೇ ಜಾತಿ. ಇವುಗಳಲ್ಲಿ ಒಂದು ಸೂಕ್ಷ್ಮವಿದೆ: ಒಂದೇ ಕೂದಲಿನ ಪ್ರತಿ ಬಣ್ಣಕ್ಕೂ ಬೇರೆ ಬೇರೆ ನಂಬರು. ಒಂದು ಫೈಲಿನಲ್ಲಿ 24 ಬಣ್ಣಗಳಿದ್ದರೆ 24 ನಂಬರುಗಳು. ಅದೇ ಕೂದಲಿನ ಹೊಸ ಆವೃತ್ತಿ ಬಂದಿದ್ದರೆ ಹಳೆಯದನ್ನು ಸಿಮ್ ತಲೆಯಿಂದ ಇಳಿಸುವ ಗೋಜು ಬೇಡ. ಆಟ ಮುಚ್ಚಿ, ಹಳೆಯ ಫೈಲ್ ತೆಗೆದು ಹೊಸದನ್ನು ಇಟ್ಟರೆ ಸಾಕು. ತಯಾರಿಸಿದವರು ನಂಬರುಗಳನ್ನು ಬದಲಿಸಿರದಿದ್ದರೆ ಕೂದಲು ಅದೇ ಬಣ್ಣದಲ್ಲಿ ಹಾಗೇ ಇರುತ್ತದೆ. ಎರಡನ್ನೂ ಒಟ್ಟಿಗೆ ಇಡಬೇಡಿ. ಒಂದೇ ನಂಬರಿಗೆ ಎರಡು ಫೈಲ್ ಜಗಳ ಆಡಿ, ಯಾವುದು ಗೆಲ್ಲುತ್ತದೆ ಎಂಬುದು ನಿಮ್ಮ ಕೈಯಲ್ಲಿರುವುದಿಲ್ಲ.

ಕಣ್ಣಿನ ವಿಷಯದಲ್ಲಿ ಸ್ವಲ್ಪ ನೋಡಿಕೊಳ್ಳಬೇಕು. ಕೆಲವು ಕಣ್ಣುಗಳು ನಿಜವಾಗಿ ಕಣ್ಣಿನ ಬಣ್ಣವಾಗಿ ಕೂತಿರುತ್ತವೆ, ಇನ್ನು ಕೆಲವು ಫೇಸ್ ಪೇಂಟ್ ಆಗಿ, ಕಾಂಟ್ಯಾಕ್ಟ್ ಲೆನ್ಸಿನ ಹಾಗೆ. ಫೇಸ್ ಪೇಂಟ್ ಆಗಿದ್ದರೆ ಅಡಿಯಲ್ಲಿ ಆಟದ ಬಣ್ಣವೊಂದು ಇದ್ದೇ ಇರುತ್ತದೆ, ತೆಗೆದಾಗ ಅದು ಕಾಣುತ್ತದೆ. ಮಕ್ಕಳಿಗೆ ಹೋಗಿರುವುದೂ ಆ ಅಡಿಯ ಬಣ್ಣವೇ. ಕಣ್ಣಿನ ಬಣ್ಣವಾಗಿಯೇ ಇದ್ದರೆ, ಹಾಗೆಯೇ ಕಸ್ಟಮ್ ಚರ್ಮದ ಬಣ್ಣವಾಗಿದ್ದರೆ, ಅದು ಮಕ್ಕಳು ಮೊಮ್ಮಕ್ಕಳಿಗೂ ಹೋಗಿರಬಹುದು. ಮನೆ ಬಿಟ್ಟು ಬೇರೆ ಊರಿಗೆ ಹೋದ ಮಗಳನ್ನೂ ಹುಡುಕಿ ನೋಡಬೇಕಾಗುತ್ತದೆ.

ಸ್ಲೈಡರ್ ಮತ್ತು ಪ್ರಿಸೆಟ್‌ಗಳು ಮುಖ, ಮೈಯ ಆಕಾರವನ್ನು ತಿದ್ದುವಂಥವು. ಇವು ಹೋದರೆ ಆಟ ಆ ತಿದ್ದುಪಡಿಯನ್ನು ಸುಮ್ಮನೆ ಬಿಟ್ಟುಬಿಡುತ್ತದೆ. ಗಲ್ಲ ತುಸು ಅಗಲ, ಮೂಗು ತುಸು ಮೊಂಡು. ಎದ್ದು ಕಾಣುವ ಎಡವಟ್ಟು ಅಲ್ಲವಾದ್ದರಿಂದ ಸೇವ್ ಮಾಡಿ ವಾರ ಕಳೆದ ಮೇಲೆ ಗಮನಕ್ಕೆ ಬರುತ್ತದೆ. ತೆಗೆಯುವ ಮುಂಚೆ ಸಿಮ್ ಮುಖವನ್ನು ಎದುರಿನಿಂದಲೂ ಪಕ್ಕದಿಂದಲೂ ಒಂದೊಂದು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಆಟದ ಸ್ವಂತ ಸ್ಲೈಡರ್‌ಗಳಲ್ಲೇ ಬಹುಮಟ್ಟಿಗೆ ಆ ಮುಖವನ್ನು ಮತ್ತೆ ಕೂರಿಸಬಹುದು, ಕಣ್ಣೆದುರು ಚಿತ್ರವಿದ್ದರೆ.

ಗುಣ, ಆಸೆ, ವೃತ್ತಿಗಳಂಥ ಕಸ್ಟಮ್ ವಸ್ತುಗಳು ಬೇರೆ ಜಾತಿ. ಇವುಗಳಲ್ಲಿ ಹಲವದರ ಜೊತೆ ಸ್ಕ್ರಿಪ್ಟ್ ಫೈಲ್ ಇರುತ್ತದೆ. ಟಿಎಸ್4ಸ್ಕ್ರಿಪ್ಟ್ ಎಂದು ಕೊನೆಯಾಗುವ ಫೈಲನ್ನೂ ಅದರ ಜೋಡಿ ಪ್ಯಾಕೇಜನ್ನೂ ಒಟ್ಟಿಗೇ ತೆಗೆಯಬೇಕು. ಒಂದನ್ನು ಬಿಟ್ಟರೆ ಆಟ ತಪ್ಪು ತೋರಿಸಬಹುದು. ತೆಗೆಯುವ ಮೊದಲು ಸಿಮ್ ಆ ಕೆಲಸಕ್ಕೆ ರಾಜೀನಾಮೆ ಕೊಡಲಿ, ಆ ಗುಣವನ್ನು ಕ್ಯಾಸ್‌ನಲ್ಲಿ, ಅಂದರೆ ಸಿಮ್‌ನ ರೂಪ, ಗುಣ ತಿದ್ದುವ ಕ್ರಿಯೇಟ್ ಎ ಸಿಮ್‌ನಲ್ಲಿ, ಬದಲಿಸಿ.

ಯಾವ ಫೈಲ್ ಎಂದು ಕಂಡುಹಿಡಿಯುವುದು

ಕ್ಯಾಸ್‌ನಲ್ಲಿ ಸಿಸಿ ಚಿತ್ರದ ಮೂಲೆಯಲ್ಲಿ ಸಣ್ಣ ಸ್ಪ್ಯಾನರ್ ಗುರುತು ಇರುತ್ತದೆ. ಫಿಲ್ಟರ್‌ನಲ್ಲಿ ಕಸ್ಟಮ್ ಕಂಟೆಂಟ್ ಆರಿಸಿದರೆ ಅವು ಮಾತ್ರ ಉಳಿಯುತ್ತವೆ. ಆದರೆ ಅದು ಯಾವ ಫೈಲಿನದು ಎಂದು ಆಟ ಹೇಳುವುದಿಲ್ಲ. ಫೈಲಿನ ಹೆಸರುಗಳೋ, ತಯಾರಿಸಿದವರ ಅಡ್ಡಹೆಸರು, ಒಂದಿಷ್ಟು ಅಂಕಿ, ಒಂದು ಹೂವಿನ ಹೆಸರು. ಊಹೆಯಿಂದ ಕೈಹಾಕಬೇಡಿ.

ಇದಕ್ಕೆ ಸಿಮ್ಸ್ 4 ಟ್ರೇ ಇಂಪೋರ್ಟರ್ ಎಂಬ ಉಚಿತ ಉಪಕರಣವಿದೆ, ವಿಂಡೋಸ್‌ಗೆ ಮಾತ್ರ. ಕುಟುಂಬವನ್ನು ಆಟದೊಳಗೆ ಮೈ ಲೈಬ್ರರಿಗೆ ಸೇವ್ ಮಾಡಿ, ಆಟ ಮುಚ್ಚಿ, ಇಂಪೋರ್ಟರ್ ತೆರೆದು ಆ ಕುಟುಂಬವನ್ನು ಆರಿಸಿದರೆ ಸಿಸಿ ಟ್ಯಾಬಿನಲ್ಲಿ ಅವರು ಬಳಸುತ್ತಿರುವ ಪ್ಯಾಕೇಜ್ ಫೈಲುಗಳ ಪಟ್ಟಿ ಬರುತ್ತದೆ. ಪಟ್ಟಿಯನ್ನು ಬರೆದಿಟ್ಟುಕೊಳ್ಳಿ. ಯಾವುದನ್ನು ತೆಗೆದರೆ ಯಾರ ತಲೆ ಬೋಳಾಗುತ್ತದೆ ಎಂಬ ಲೆಕ್ಕ ಇದರಿಂದಲೇ ಸಿಗುತ್ತದೆ. ಲೈಬ್ರರಿಗೆ ಹಾಕಿದ ಆ ಪ್ರತಿ ಟ್ರೇ ಫೋಲ್ಡರಿನಲ್ಲಿ ಕೂತಿರುವುದರಿಂದ ಅದು ಇನ್ನೊಂದು ಬ್ಯಾಕಪ್ ಕೂಡ ಆಯಿತು.

ಒಂದೇ ಫೈಲಿನ ಒಳಗೆ ಏನಿದೆ ಎಂದು ನೋಡಲು ಸಿಮ್ಸ್ 4 ಸ್ಟುಡಿಯೋ ಅನುಕೂಲ. ವಿಂಡೋಸ್, ಮ್ಯಾಕ್ ಎರಡಕ್ಕೂ ಇದೆ. ಪ್ಯಾಕೇಜ್ ತೆರೆದರೆ ವಸ್ತುವಿನ ಚಿತ್ರವೂ ಬಣ್ಣಗಳೂ ಕಾಣುತ್ತವೆ.

ಮೈಮೇಲಿಂದ ತೆಗೆಯುವುದು

ಆಟ ತೆರೆದು, ಸೇವ್ ಲೋಡ್ ಮಾಡಿ. ಕಂಟ್ರೋಲ್, ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಚೀಟ್ ಪೆಟ್ಟಿಗೆ ಬರುತ್ತದೆ. ಮ್ಯಾಕ್‌ನಲ್ಲಿ ಕಂಟ್ರೋಲ್ ಬದಲು ಕಮಾಂಡ್. ಅದರಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಮೊದಲು ಟೆಸ್ಟಿಂಗ್‌ಚೀಟ್ಸ್ ಟ್ರೂ ಎಂದು ಟೈಪ್ ಮಾಡಿ ಎಂಟರ್ ಕೊಡಿ. ಬಳಿಕ ಕ್ಯಾಸ್, ಒಂದು ಚುಕ್ಕೆ, ಫುಲ್‌ಎಡಿಟ್‌ಮೋಡ್, ನಡುವೆ ಜಾಗ ಬಿಡದೆ, ಮತ್ತೆ ಎಂಟರ್. ಈಗ ಶಿಫ್ಟ್ ಹಿಡಿದು ಸಿಮ್ ಮೇಲೆ ಕ್ಲಿಕ್ ಮಾಡಿದರೆ ಮಾಡಿಫೈ ಇನ್ ಕ್ಯಾಸ್ ಎಂಬ ಆಯ್ಕೆ ಬರುತ್ತದೆ. ಕನ್ನಡಿ ಅಥವಾ ಬೀರುವಿನ ಮೂಲಕ ಹೋದರೆ ಬಟ್ಟೆ, ಕೂದಲು ಸಿಗುತ್ತವೆ, ಆದರೆ ಎಲ್ಲವನ್ನೂ ತಿದ್ದಲು ಈ ದಾರಿಯೇ ಸರಿ.

ಒಂದು ಉಡುಪು ಬದಲಿಸಿ ಮುಗಿಯಿತು ಎಂದುಕೊಳ್ಳುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ಉಡುಪಿನ ವಿಭಾಗಗಳು ಎಂಟು: ದಿನನಿತ್ಯ, ಫಾರ್ಮಲ್, ವ್ಯಾಯಾಮ, ಮಲಗುವ ಹೊತ್ತು, ಪಾರ್ಟಿ, ಈಜು, ಬಿಸಿಲು, ಚಳಿ. ಪ್ರತಿಯೊಂದರಲ್ಲೂ ಐದರವರೆಗೆ ಉಡುಪು ಇರಬಹುದು. ಒಬ್ಬ ಸಿಮ್‌ಗೆ 40 ಉಡುಪು ಎಂದಾಯಿತು. ಕೂದಲು, ಮೇಕಪ್, ಒಡವೆ ಒಂದೊಂದು ಉಡುಪಿಗೆ ಬೇರೆ ಬೇರೆ ಇರಬಹುದಾದ್ದರಿಂದ ಎಲ್ಲವನ್ನೂ ತೆರೆದು ನೋಡಲೇಬೇಕು. ಚರ್ಮದ ಬಣ್ಣ, ಕಣ್ಣಿನ ಬಣ್ಣ, ಮುಖದ ಆಕಾರ ಮಾತ್ರ ಸಿಮ್‌ಗೆ ಒಂದೇ. ರಕ್ತಪಿಶಾಚಿ, ಅನ್ಯಗ್ರಹದವರು, ಮತ್ಸ್ಯಕನ್ಯೆ, ತೋಳಮನುಷ್ಯರಿಗೆ ಎರಡು ರೂಪಗಳಿರುತ್ತವೆ. ಮನುಷ್ಯ ರೂಪವನ್ನು ತಿದ್ದಿ ಇನ್ನೊಂದನ್ನು ಮರೆತರೆ ಹುಣ್ಣಿಮೆಯ ರಾತ್ರಿ ಬೋಳುತಲೆ ದರ್ಶನ ಕೊಡುತ್ತದೆ.

ಕಸ್ಟಮ್ ರೆಪ್ಪೆಗೂದಲನ್ನು ಹುಡುಕುವುದೊಂದು ದೊಡ್ಡ ಕೆಲಸ. ಮೇಕಪ್ಪಿನಲ್ಲಿ ಇರಬೇಕಾದದ್ದು ಕನ್ನಡಕದ ಜಾಗದಲ್ಲೋ, ಉಂಗುರದ ಜಾಗದಲ್ಲೋ, ಟೋಪಿಯಲ್ಲೋ, ಚರ್ಮದ ವಿವರಗಳಲ್ಲೋ ಅಡಗಿರುತ್ತದೆ. ಯಾವ ಜಾಗ ಖಾಲಿಯಿದ್ದರೆ ತಯಾರಿಸಿದವರು ಅಲ್ಲಿ ಕೂರಿಸಿರುತ್ತಾರೆ. ಮುಖದ ಹೊಳಪು, ಮೈಯ ಗೆರೆಗಳಂಥ ಓವರ್‌ಲೇಗಳು ಹಚ್ಚೆಯ ಜಾಗದಲ್ಲಿ ಇರುವುದೂ ಉಂಟು. ಬೆರಳಲ್ಲಿ ಉಂಗುರ ಕಾಣದೆ ಉಂಗುರದ ಪಟ್ಟಿಯಲ್ಲಿ ಏನೋ ಆಯ್ಕೆಯಾಗಿದ್ದರೆ ಅದೇ ರೆಪ್ಪೆ.

ಎಲ್ಲ ತೆಗೆದ ಮೇಲೆ ಸುಮ್ಮನೆ ಸೇವ್ ಬೇಡ, ಸೇವ್ ಆ್ಯಸ್ ಮಾಡಿ. ಹೊಸ ಹೆಸರಿನಲ್ಲಿ, ಹೊಸ ಸ್ಲಾಟಿನಲ್ಲಿ. ಹಳೆಯ ಸೇವ್ ಹಾಗೇ ಇರಲಿ.

ಫೈಲ್ ಸರಿಸುವುದು

ಆಟ ಮುಚ್ಚಿ. ಡೆಸ್ಕ್‌ಟಾಪ್‌ನಲ್ಲಿ ಒಂದು ಫೋಲ್ಡರ್ ಮಾಡಿ, ತೆಗೆಯಬೇಕಾದ ಪ್ಯಾಕೇಜುಗಳನ್ನು ಕಟ್ ಮಾಡಿ ಅಲ್ಲಿಗೆ ಹಾಕಿ. ಮಾಡ್ಸ್ ಒಳಗೇ ಬೇಡದ್ದು ಎಂಬ ಫೋಲ್ಡರ್ ಮಾಡಿ ಅದರೊಳಗೆ ಹಾಕಿದರೆ ಉಪಯೋಗವಿಲ್ಲ. ಮಾಡ್ಸ್ ಫೋಲ್ಡರಿನಲ್ಲಿರುವ ರಿಸೋರ್ಸ್ ಸಿಎಫ್‌ಜಿ ಎಂಬ ಫೈಲ್, ಪ್ಯಾಕೇಜುಗಳನ್ನು ಐದು ಫೋಲ್ಡರ್ ಆಳದವರೆಗೂ ಓದುವಂತೆ ಆಟಕ್ಕೆ ಹೇಳಿರುತ್ತದೆ. ಸ್ಕ್ರಿಪ್ಟ್‌ಗಳಿಗೆ ಆ ಆಳ ಒಂದೇ ಫೋಲ್ಡರ್. ರಿಸೋರ್ಸ್ ಸಿಎಫ್‌ಜಿಯನ್ನು ಮುಟ್ಟಬೇಡಿ. ಅಕಸ್ಮಾತ್ ಹೋದರೂ ಮಾಡ್ಸ್ ಫೋಲ್ಡರನ್ನು ಬೇರೆಡೆ ಸರಿಸಿ ಒಮ್ಮೆ ಆಟ ತೆರೆದರೆ ಹೊಸ ಫೋಲ್ಡರಿನ ಜೊತೆ ಅದೂ ತಯಾರಾಗುತ್ತದೆ.

ಬಳಿಕ ದಿ ಸಿಮ್ಸ್ 4 ಫೋಲ್ಡರಿನಲ್ಲೇ ಇರುವ ಲೋಕಲ್‌ಥಂಬ್‌ಕ್ಯಾಶ್ ಪ್ಯಾಕೇಜನ್ನು ಡಿಲೀಟ್ ಮಾಡಿ. ಇದೊಂದನ್ನು ಮಾತ್ರ ಧೈರ್ಯವಾಗಿ ಅಳಿಸಬಹುದು, ಆಟ ತಾನೇ ಮತ್ತೆ ಮಾಡಿಕೊಳ್ಳುತ್ತದೆ. ಅಳಿಸದಿದ್ದರೆ ತೆಗೆದ ವಸ್ತುವಿನ ಹಳೆಯ ಚಿತ್ರಗಳು ಉಳಿದು, ಹೋಯಿತೋ ಇಲ್ಲವೋ ಎಂದು ಗೊಂದಲ ಹುಟ್ಟಿಸುತ್ತವೆ.

ಈಗ ಆಟ ತೆರೆಯಿರಿ. ಶುರುವಿನಲ್ಲಿ ಬರುವ ಕಸ್ಟಮ್ ಕಂಟೆಂಟ್ ಪಟ್ಟಿಯಲ್ಲಿ ತೆಗೆದವುಗಳ ಹೆಸರಿಲ್ಲ ಎಂದು ನೋಡಿಕೊಂಡು, ಹೊಸ ಸ್ಲಾಟನ್ನು ಲೋಡ್ ಮಾಡಿ. ಒಬ್ಬೊಬ್ಬರನ್ನೂ ಕ್ಯಾಸ್‌ಗೆ ಒಯ್ದು ಉಡುಪುಗಳನ್ನು ತಿರುಗಿಸಿ ನೋಡಿ. ಏನಾದರೂ ಮರೆತಿದ್ದರೆ ಸೇವ್ ಮಾಡದೆ ಹೊರಬಂದು, ಫೈಲನ್ನು ಮರಳಿ ಇಟ್ಟು, ಮತ್ತೆ ಮೈಮೇಲಿಂದ ತೆಗೆಯಿರಿ.

ಬೀದಿಯಲ್ಲಿ ಓಡಾಡುವ ಟೌನಿಗಳ, ಅಂದರೆ ಆಟವೇ ನಡೆಸುವ ಸಿಮ್‌ಗಳ, ಮೈಮೇಲಿನ ಸಿಸಿಗೆ ಇಷ್ಟೆಲ್ಲ ಕಷ್ಟ ಬೇಡ. ಆಟ ಅವರಿಗೆ ಎತ್ತಿ ತೊಡಿಸಿದ್ದು ಅದು, ತೆಗೆದರೆ ಬೇರೇನಾದರೂ ತೊಡಿಸುತ್ತದೆ. ಅಂಚೆಯವರು ಇನ್ನು ಮುಂದೆ ಮದುವೆ ಗೌನಿನಲ್ಲಿ ಬರಬಾರದು ಎಂದಿದ್ದರೆ ಸಿಮ್ಸ್ 4 ಸ್ಟುಡಿಯೋದ ಬ್ಯಾಚ್ ಫಿಕ್ಸ್‌ಗಳಲ್ಲಿ ಕ್ಯಾಸ್ ವಸ್ತುಗಳನ್ನು ರ್‍ಯಾಂಡಮ್ ಬಳಕೆಯಿಂದ ತಡೆಯುವ ಆಯ್ಕೆಯಿದೆ. ಫೈಲನ್ನೇ ತೆಗೆಯುವ ಅಗತ್ಯ ಅನೇಕ ಸಲ ಅಲ್ಲಿಗೇ ಮುಗಿಯುತ್ತದೆ.

ಎಡವಟ್ಟುಗಳು

ಸಿಮ್‌ಗೆ ತಲೆ, ಕೈ ಇದೆ, ನಡುಮೈ ಮಾಯ. ಇದು ಮೆಶ್ ತೆಗೆದು ರೀಕಲರ್ ಉಳಿಸಿದಾಗ ಆಗುವುದು. ರೀಕಲರ್ ಎಂದರೆ ಬಣ್ಣ ಮಾತ್ರ, ಆಕಾರ ಇನ್ನೊಂದು ಫೈಲಿನಲ್ಲಿರುತ್ತದೆ. ಆಕಾರದ ಫೈಲ್ ಹೋದರೆ ಆಟಕ್ಕೆ ನಂಬರು ಸಿಗುತ್ತದೆ, ವಸ್ತುವೂ ಇದೆ ಎಂದುಕೊಳ್ಳುತ್ತದೆ, ಆದರೆ ತೋರಿಸಲು ಏನೂ ಇರುವುದಿಲ್ಲ. ಬದಲಿ ಬಟ್ಟೆಯನ್ನೂ ಹಾಕುವುದಿಲ್ಲ. ಮೆಶ್ ತೆಗೆಯುವುದಾದರೆ ಅದನ್ನು ನಂಬಿದ ರೀಕಲರ್‌ಗಳನ್ನೆಲ್ಲ ಜೊತೆಗೇ ತೆಗೆಯಿರಿ. ರೀಕಲರ್ ಮಾತ್ರ ತೆಗೆದು ಮೆಶ್ ಉಳಿಸಿದರೆ ತೊಂದರೆಯಿಲ್ಲ.

ಒಂದು ಕೂದಲು ತೆಗೆಯಲು ಹೋದರೆ ಫೈಲೇ ಸಿಗುತ್ತಿಲ್ಲ, ಬದಲಿಗೆ ನೂರಾರು ಎಂಬಿಯ ಒಂದೇ ದೊಡ್ಡ ಪ್ಯಾಕೇಜ್ ಇದೆ. ಅದು ಮರ್ಜ್ ಮಾಡಿದ, ಅಂದರೆ ಹಲವು ಪ್ಯಾಕೇಜುಗಳನ್ನು ಒಂದಾಗಿ ಸೇರಿಸಿದ ಫೈಲ್. ಅದನ್ನು ತೆಗೆದರೆ ಒಳಗಿರುವುದೆಲ್ಲ ಹೋಗುತ್ತದೆ. ಸಿಮ್ಸ್ 4 ಸ್ಟುಡಿಯೋದಲ್ಲೇ ಮರ್ಜ್ ಮಾಡಿದ್ದಾಗಿದ್ದರೆ ಅದರ ಟೂಲ್ಸ್ ಮೆನುವಿನಿಂದ ಅನ್‌ಮರ್ಜ್ ಮಾಡಬಹುದು. ಬಿಡಿ ಫೈಲುಗಳು ಹೊರಬಂದ ಮೇಲೆ ಬೇಡದ್ದನ್ನು ಬದಿಗಿಟ್ಟು, ಮರ್ಜ್ ಆದ ಹಳೆಯ ಫೈಲನ್ನೂ ಮಾಡ್ಸ್‌ನಿಂದ ಹೊರಗೆ ಹಾಕಿ. ಅದು ಅಲ್ಲೇ ಉಳಿದರೆ ಎಲ್ಲವೂ ಎರಡೆರಡು.

ಕೆಟ್ಟ ಫೈಲ್ ಯಾವುದೆಂದೇ ಗೊತ್ತಿಲ್ಲದಿದ್ದಾಗ ಅರ್ಧರ್ಧದ ಲೆಕ್ಕ. ಅರ್ಧ ಫೈಲುಗಳನ್ನು ಹೊರಗಿಟ್ಟು ಆಟ ತೆರೆಯಿರಿ. ತೊಂದರೆ ಹೋದರೆ ಕೆಟ್ಟದ್ದು ಹೊರಗಿನ ಅರ್ಧದಲ್ಲಿದೆ, ಹೋಗದಿದ್ದರೆ ಒಳಗಿನದರಲ್ಲಿ. ಆ ಅರ್ಧವನ್ನು ಮತ್ತೆ ಅರ್ಧ ಮಾಡಿ. ಸಾವಿರ ಫೈಲಿದ್ದರೂ ಹತ್ತು ಸುತ್ತಿನಲ್ಲಿ ಒಂದಕ್ಕೆ ಬಂದು ನಿಲ್ಲುತ್ತದೆ. ಈ ಪರೀಕ್ಷೆಯನ್ನು ನಿಮ್ಮ ಸೇವ್‌ನಲ್ಲಿ ಮಾಡಬೇಡಿ. ಹೊಸ ಆಟ ಶುರುಮಾಡಿ ಅಲ್ಲಿ ನೋಡಿ, ಸೇವ್ ಮಾಡದೆ ಮುಚ್ಚಿ. ರೀಕಲರ್ ಮತ್ತು ಅದರ ಮೆಶ್ ಬೇರೆ ಬೇರೆ ಅರ್ಧಕ್ಕೆ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಇಲ್ಲದ ತೊಂದರೆಯೊಂದು ಹುಟ್ಟಿ ದಾರಿ ತಪ್ಪಿಸುತ್ತದೆ.

ಅತಿ ಹೆಚ್ಚು ಸಿಮ್‌ಗಳು ಕೆಡುವುದು ಮಾತ್ರ ಯಾರೂ ಏನನ್ನೂ ತೆಗೆಯದಿದ್ದಾಗ. ಆಟ ಅಪ್‌ಡೇಟ್ ಆದಾಗಲೆಲ್ಲ ಮಾಡ್ಸ್ ಮತ್ತು ಕಸ್ಟಮ್ ಕಂಟೆಂಟ್ ಆಯ್ಕೆಯನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ. ಅದು ಗೊತ್ತಿಲ್ಲದೆ ಸೇವ್ ತೆರೆದರೆ ಇಡೀ ಕುಟುಂಬದ ಸಿಸಿ ಒಮ್ಮೆಗೇ ಹೋದಂತೆ. ಗಾಬರಿಯಲ್ಲಿ ಒಬ್ಬೊಬ್ಬರಿಗೂ ಹೊಸ ಕೂದಲು ಹಾಕಲು ಕೂತರೆ ಮುಗಿಯಿತು. ಅಪ್‌ಡೇಟ್ ಆದ ದಿನ ಮೊದಲು ಗೇಮ್ ಆಪ್ಷನ್ಸ್‌ನಲ್ಲಿ ಅದರ್ ಎಂಬಲ್ಲಿಗೆ ಹೋಗಿ ಕಸ್ಟಮ್ ಕಂಟೆಂಟ್ ಆಯ್ಕೆಗೆ ಟಿಕ್ ಹಾಕಿ, ಸ್ಕ್ರಿಪ್ಟ್ ಮಾಡ್ಸ್ ಇದ್ದರೆ ಅದಕ್ಕೂ ಹಾಕಿ, ಆಟ ಮುಚ್ಚಿ ಮತ್ತೆ ತೆರೆಯಿರಿ. ಆಮೇಲಷ್ಟೇ ಸೇವ್ ತೆರೆಯಿರಿ. ಎಲ್ಲ ಸಿಸಿಯನ್ನೂ ಒಟ್ಟಿಗೆ ತೆಗೆದರೆ ಸಿಮ್‌ಗಳು ಹೇಗೆ ಕಾಣುತ್ತಾರೆ ಎಂದು ನೋಡಬೇಕಿದ್ದರೂ ಇದೇ ಟಿಕ್ ತೆಗೆದು ನೋಡಬಹುದು, ಸೇವ್ ಮಾಡದಿದ್ದರೆ ಸರಿ.

ಆಟವನ್ನು ಅನ್‌ಇನ್‌ಸ್ಟಾಲ್ ಮಾಡಿದರೆ ಸಿಸಿ ಹೋಗುತ್ತದೆ ಎಂಬ ನಂಬಿಕೆಯೂ ಇದೆ. ಹೋಗುವುದಿಲ್ಲ. ಮಾಡ್ಸ್ ಫೋಲ್ಡರ್ ಡಾಕ್ಯುಮೆಂಟ್ಸ್ ಒಳಗಿರುವುದರಿಂದ ಅನ್‌ಇನ್‌ಸ್ಟಾಲ್ ಆಗಲಿ ರಿಪೇರ್ ಆಗಲಿ ಅದನ್ನು ಮುಟ್ಟುವುದಿಲ್ಲ. ಗಂಟೆಗಟ್ಟಲೆ ಡೌನ್‌ಲೋಡ್ ಮಾಡಿದ ಮೇಲೂ ಅದೇ ಕೆಟ್ಟ ಕೂದಲು ಕಾದು ಕೂತಿರುತ್ತದೆ.

ಸೇವ್ ಮಾಡಿಬಿಟ್ಟಿದ್ದರೆ

ಇನ್ನೊಮ್ಮೆ ಸೇವ್ ಮಾಡಬೇಡಿ. ಪ್ರತಿ ಸ್ಲಾಟಿಗೂ ಆಟ ಹಿಂದಿನ ಐದು ಸೇವ್‌ಗಳನ್ನು ಇಟ್ಟುಕೊಂಡಿರುತ್ತದೆ. ಸೇವ್ಸ್ ಫೋಲ್ಡರಿನಲ್ಲಿ ಸ್ಲಾಟ್ ಎಂದು ಶುರುವಾಗಿ ಸೇವ್ ಎಂದು ಮುಗಿಯುವ ಫೈಲು ಈಗಿನದು. ಅದೇ ಹೆಸರಿನ ಕೊನೆಗೆ ಇನ್ನೊಂದು ಚುಕ್ಕೆಯಿಟ್ಟು ವಿಇಆರ್0 ಇರುವುದು ಅದರ ಹಿಂದಿನದು, ವಿಇಆರ್4 ಎಲ್ಲಕ್ಕಿಂತ ಹಳೆಯದು. ಪ್ರತಿ ಸಲ ಸೇವ್ ಮಾಡಿದಾಗಲೂ ಇವು ಒಂದೊಂದು ಮೆಟ್ಟಿಲು ಹಿಂದೆ ಸರಿದು ಕೊನೆಯದು ಬಿದ್ದುಹೋಗುತ್ತದೆ. ಒಮ್ಮೆ ಸೇವ್ ಮಾಡಿದ್ದರೆ ಒಳ್ಳೆಯ ಪ್ರತಿ ವಿಇಆರ್0ದಲ್ಲಿದೆ, ಮೂರು ಸಲ ಮಾಡಿದ್ದರೆ ವಿಇಆರ್2ರಲ್ಲಿ. ಆರು ಸಲ ಮಾಡಿದ್ದರೆ ಇಲ್ಲ.

ಆಟ ಮುಚ್ಚಿ, ತೆಗೆದ ಪ್ಯಾಕೇಜುಗಳನ್ನು ಮಾಡ್ಸ್‌ಗೆ ಮರಳಿ ಇಡಿ. ಕೆಟ್ಟ ಸೇವ್ ಫೈಲನ್ನು ಡೆಸ್ಕ್‌ಟಾಪಿಗೆ ಸರಿಸಿ. ಬೇಕಾದ ವಿಇಆರ್ ಫೈಲಿನ ಒಂದು ನಕಲು ಮಾಡಿ, ಆ ನಕಲಿನ ಹೆಸರಿನಿಂದ ವಿಇಆರ್ ಮತ್ತು ಅಂಕಿಯನ್ನು ಅದರ ಹಿಂದಿನ ಚುಕ್ಕೆ ಸಮೇತ ಅಳಿಸಿ, ಹೆಸರು ಸೇವ್ ಎಂದೇ ಮುಗಿಯಬೇಕು. ವಿಂಡೋಸ್‌ನಲ್ಲಿ ಹೆಸರಿನ ಬಾಲ ಕಾಣದಿದ್ದರೆ ಎಕ್ಸ್‌ಪ್ಲೋರರ್‌ನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್ ಟಿಕ್ ಮಾಡಿ. ಆಟ ತೆರೆದು ಆ ಸ್ಲಾಟನ್ನು ಲೋಡ್ ಮಾಡಿ ನೋಡಿ.

ಐದೂ ಪ್ರತಿಗಳು ಕೆಟ್ಟಿದ್ದರೆ ಉಳಿದಿರುವುದು ಲೈಬ್ರರಿಗೆ ಹಾಕಿಟ್ಟ ಕುಟುಂಬ. ಸಿಸಿ ಫೈಲುಗಳನ್ನು ಮರಳಿ ಇಟ್ಟು, ಗ್ಯಾಲರಿಯ ಫಿಲ್ಟರಿನಲ್ಲಿ ಕಸ್ಟಮ್ ಕಂಟೆಂಟ್ ಇರುವವನ್ನೂ ತೋರಿಸುವ ಆಯ್ಕೆಗೆ ಟಿಕ್ ಹಾಕಿದರೆ ಅದು ಕಾಣುತ್ತದೆ. ಊರಿಗೆ ಇಳಿಸಿದಾಗ ರೂಪ, ಕೌಶಲ, ಮನೆಯೊಳಗಿನ ಸಂಬಂಧಗಳು ಬರುತ್ತವೆ. ಹೊರಗಿನ ಗೆಳೆಯರು, ನೆಂಟರ ಜೊತೆಗಿನ ಸಂಬಂಧ ಬರುವುದಿಲ್ಲ, ಅದನ್ನು ಮತ್ತೆ ಮೊದಲಿನಿಂದ ಕಟ್ಟಬೇಕು.